5382ನೇ ಗೂಡು

ಪ್ಯಾರಿಸ್ಸಿನ ಪೇರ್ ಲಾಶೇಜ್ ಸ್ಮಶಾನಕ್ಕೆ ಬರುವ ಪ್ರವಾಸಿಗರು ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತಾರೆ. ಮೊದಲು ಜಿಮ್ ಮಾರಿಸನ್, ಆಮೇಲೆ ಶೋಪ್ಯಾಂ, ಕೊನೆಗೆ ಆಸ್ಕರ್ ವೈಲ್ಡ್. ನಾನು ಗಂಬೆಟ್ಟಾ ನಿಲ್ದಾಣದಲ್ಲಿ ಮೆಟ್ರೊ ಇಳಿದು ಮೇಲ್ಗಡೆಯ ಬಾಗಿಲಿನಿಂದ ಒಳಗೆ ಬಂದೆ. ನಾನು ಹುಡುಕಿಕೊಂಡು ಬಂದ ಇಬ್ಬರು ಅಮೆರಿಕನ್ ನರ್ತಕಿಯರು ಮಣ್ಣಿನಲ್ಲಿಲ್ಲ, ಗೋಡೆಯಲ್ಲಿದ್ದಾರೆ. ಈ ವಿಡಿಯೊದಲ್ಲಿ ಈಗ ನಿಮಗೆ ಕಾಣುತ್ತಿರುವ ಗುಮ್ಮಟ ಇಲ್ಲಿನ ಚಿತಾಗಾರದ್ದು. ಅದರ ಸುತ್ತ ಕಮಾನುಗಳ ಸಾಲು, ಕಮಾನುಗಳ ಕೆಳಗೆ ಗೋಡೆ ತುಂಬ ಚೌಕ ಚೌಕವಾದ ಗೂಡುಗಳು. ಒಳಗಿರುವುದು ಚಿತಾಭಸ್ಮ, ಹೊರಗೆ ಹೆಸರು ಕೆತ್ತಿದ ಕಲ್ಲು.

6796ನೇ ಗೂಡು ಇಸಡೋರಾ ಡಂಕನ್ ಅವರದು. ಯಾರೋ ಅಂಚಿಗೆ ಗುಲಾಬಿ ಸಿಕ್ಕಿಸಿ ಹೋಗಿದ್ದಾರೆ. ಕಲ್ಲಿನ ಮೇಲಿರುವ ಸಾಲನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ: ಪ್ಯಾರಿಸ್ ಒಪೆರಾದ ಬ್ಯಾಲೆ ಶಾಲೆ ಎಂದಿದೆ. ಬದುಕಿಡೀ ಬ್ಯಾಲೆಯನ್ನು ಬೈದುಕೊಂಡೇ ಬಂದವರು ಈಕೆ. ಕಾಲ್ಬೆರಳ ತುದಿಯಲ್ಲಿ ನಿಲ್ಲುವ ಬೂಟು, ಸೊಂಟ ಬಿಗಿಯುವ ಕಾರ್ಸೆಟ್, ಎರಡನ್ನೂ ಆಚೆಗಿಟ್ಟು ಬರಿಗಾಲಿನಲ್ಲಿ ತೆಳುವಾದ ಗ್ರೀಕ್ ಉಡುಪು ತೊಟ್ಟು ಕುಣಿದವರು. ಕೆತ್ತಿಸಿದವರಿಗೆ ಅದು ಗೌರವ ಅನ್ನಿಸಿರಬೇಕು. ನನಗೆ ನಗು ಬಂತು.

ಇಸಡೋರಾ ಅವರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. 1877ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟು, 1899ರಲ್ಲಿ ದನ ಸಾಗಿಸುವ ಹಡಗಿನಲ್ಲಿ ಲಂಡನ್ನಿಗೆ ಪಯಣ. ಬ್ರಿಟಿಷ್ ಮ್ಯೂಸಿಯಂನಲ್ಲಿ ಗ್ರೀಕ್ ಕೊಡಗಳ ಮೇಲಿನ ಚಿತ್ರಗಳನ್ನು ನೋಡಿ ನೋಡಿ ಮೈಗೆ ತಂದುಕೊಂಡ ಭಂಗಿಗಳು. 1913ರಲ್ಲಿ ಕಾರು ಸೇನ್ ನದಿಗೆ ಉರುಳಿ ಇಬ್ಬರು ಮಕ್ಕಳೂ ಹೋದರು. ಅವರ ಭಸ್ಮವೂ ಇಲ್ಲೇ ಇದೆ. ಆಮೇಲೆ ಮಾಸ್ಕೋದಲ್ಲಿ ಶಾಲೆ, ಕವಿ ಯೆಸೆನಿನ್ ಜೊತೆ ಮದುವೆ. ಕೊನೆಗೆ 1927ರ ಸೆಪ್ಟೆಂಬರ್ 14ರಂದು ನೀಸ್ ನಗರದಲ್ಲಿ ಕುತ್ತಿಗೆಯ ಉದ್ದನೆಯ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು ಸಾವು. ಈ ಶಾಲಿನ ಪ್ರಸಂಗ ಗೊತ್ತಿರುವವರಲ್ಲಿ ಎಷ್ಟು ಜನಕ್ಕೆ ಆಕೆ ಯಾವ ಸಂಗೀತಕ್ಕೆ ಕುಣಿದರು ಎಂಬುದು ಗೊತ್ತು? ಶೋಪ್ಯಾಂ, ಗ್ಲುಕ್, ಬೀಥೋವನ್. ಕುಣಿಯಲೆಂದು ಬರೆಯದ ಸಂಗೀತಕ್ಕೆ ಕುಣಿಯುವುದು ಆ ಕಾಲದಲ್ಲಿ ದೊಡ್ಡ ಉದ್ಧಟತನ.

ಈಗ ಅದೇ ಕಟ್ಟಡದ 5382ನೇ ಗೂಡಿಗೆ ಬರೋಣ. ಲೋಯಿ ಫುಲ್ಲರ್. ಹೂವಿಲ್ಲ, ನಿಂತು ನೋಡುವವರೂ ಇಲ್ಲ. ತೀರಿಕೊಂಡದ್ದು 1928ರ ಜನವರಿ 1ರಂದು, ಇದೇ ಊರಿನಲ್ಲಿ, ನ್ಯುಮೋನಿಯಾದಿಂದ. ಇಸಡೋರಾ ಹೋಗಿ ನಾಲ್ಕು ತಿಂಗಳೂ ಆಗಿರಲಿಲ್ಲ. 1902ರಲ್ಲಿ ಇನ್ನೂ ಹೆಸರು ಮಾಡಿರದ ಇಸಡೋರಾ ಅವರನ್ನು ತನ್ನ ತಂಡದ ಜೊತೆ ಬರ್ಲಿನ್‌ಗೆ, ವಿಯೆನ್ನಾಕ್ಕೆ ಕರೆದೊಯ್ದವರು ಇವರೇ. ಬುಡಾಪೆಸ್ಟ್ ತಲುಪುವ ಹೊತ್ತಿಗೆ ಇಸಡೋರಾ ಬೇರೆಯಾಗಿ ತಮ್ಮ ದಾರಿ ಹಿಡಿದರು.

ಫುಲ್ಲರ್ ಹುಟ್ಟಿದ್ದು 1862ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ. ಯಾವ ನೃತ್ಯಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಊರೂರು ಅಲೆದ ನಾಟಕದ ನಟಿ. ಒಂದು ನಾಟಕದಲ್ಲಿ ಅಳತೆಗೆ ಮೀರಿದ ಲಂಗ ಕಾಲಿಗೆ ತೊಡರದಂತೆ ಎತ್ತಿ ಹಿಡಿದು ಓಡಾಡಿದಾಗ ಪ್ರೇಕ್ಷಕರು ಚಿಟ್ಟೆ ಎಂದು ಕೂಗಿದರಂತೆ. ಹಾಗೆಂದು ಹೇಳಿದವರು ಅವರೇ, ಮತ್ತು ಸ್ವಂತ ಕಥೆಗೆ ತುಸು ಒಗ್ಗರಣೆ ಹಾಕುವುದು ಅವರಿಗೆ ರೂಢಿಯಾಗಿತ್ತು. ಹೇಗೇ ಇರಲಿ, ಅಲ್ಲಿಂದ ಬೆಳೆದದ್ದು ಸರ್ಪೆಂಟೈನ್ ನೃತ್ಯ. ಗಜಗಟ್ಟಲೆ ತೆಳು ರೇಷ್ಮೆ, ಅದರೊಳಗೆ ಹೊಲಿದು ಮುಚ್ಚಿದ ಎರಡು ಉದ್ದನೆಯ ಕೋಲು. ಕೋಲನ್ನು ಹಿಡಿದು ತೋಳು ಬೀಸಿದರೆ ಬಟ್ಟೆ ತಲೆಯ ಮೇಲೆದ್ದು ಸುರುಳಿಯಾಗಿ ಇಳಿಯುತ್ತದೆ. ಕಣ್ಣಿಗೆ ಮನುಷ್ಯರ ಮೈ ಕಾಣುವುದಿಲ್ಲ, ಒಂದು ಲಿಲ್ಲಿ ಹೂವೋ ಉರಿಯುವ ಜ್ವಾಲೆಯೋ ಕಾಣುತ್ತದೆ. ಸಭಾಂಗಣವನ್ನು ಪೂರ್ತಿ ಕತ್ತಲು ಮಾಡಿ, ಹಿಂದೆ ಕಪ್ಪು ಪರದೆ ಇಳಿಬಿಟ್ಟು, ವೇದಿಕೆಯ ನೆಲದಲ್ಲಿ ಗಾಜು ಕೂರಿಸಿ ಕೆಳಗಿನಿಂದ ಬಣ್ಣದ ವಿದ್ಯುತ್ ದೀಪ ಬಿಡುತ್ತಿದ್ದರು. ದೀಪದವರಿಗೆ ಸನ್ನೆ ಹೋಗುತ್ತಿದ್ದುದು ಕುಣಿಯುತ್ತಲೇ ಹಿಮ್ಮಡಿಯಿಂದ ತಟ್ಟಿದ ಪೆಟ್ಟಿನಲ್ಲಿ. ನಮ್ಮ ಊರಿನ ಶಾಲಾ ವಾರ್ಷಿಕೋತ್ಸವದಲ್ಲಿ ನರ್ತಕಿಯ ಮೇಲೆ ಕೆಂಪು, ನೀಲಿ ದೀಪ ತಿರುಗಿಸುವ ಹುಡುಗನಿಗೂ ಈಕೆಗೂ ದೂರದ ನಂಟಿದೆ.

ನಕಲು ಮಾಡುವವರು ಹುಟ್ಟಿಕೊಳ್ಳಲು ತಡವಾಗಲಿಲ್ಲ. ಫುಲ್ಲರ್ ನೃತ್ಯದ ವಿವರಣೆ ಬರೆದು ಕೃತಿಸ್ವಾಮ್ಯಕ್ಕೆ ನೋಂದಾಯಿಸಿ, ಮಿನಿ ಬೆಮಿಸ್ ಎಂಬ ನರ್ತಕಿಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 1892ರ ಜೂನ್‌ನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯಾಧೀಶರ ವಾದ ಹೀಗಿತ್ತು: ಕಾಯ್ದೆ ಕಾಪಾಡುವುದು ನಾಟಕ ಕೃತಿಯನ್ನು, ಇದರಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಭಾವವಿಲ್ಲ, ಬಟ್ಟೆ, ಬೆಳಕು, ನೆರಳಿನ ಚೆಂದದ ಚಲನೆ ಮಾತ್ರ ಇದೆ.

ಅದೇ ವರ್ಷದ ಕೊನೆಗೆ ಪ್ಯಾರಿಸ್ಸಿನ ಫೋಲೀ ಬೆರ್ಜೇರ್ ರಂಗಮಂದಿರಕ್ಕೆ ಬಂದು ನೋಡಿದರೆ, ಅಲ್ಲಿ ಈಗಾಗಲೇ ಒಬ್ಬಳು ಸರ್ಪೆಂಟೈನ್ ನೃತ್ಯ ಮಾಡುತ್ತಿದ್ದಳು. ಫುಲ್ಲರ್ ಕುಣಿದು ತೋರಿಸಿದ ಮೇಲೆ ಮಾಲೀಕ ಇವರನ್ನೇ ಇಟ್ಟುಕೊಂಡ, ಸರಿ. ಆದರೆ ಪ್ರಚಾರದ ಹಾಳೆ ಆಗಲೇ ಊರೆಲ್ಲ ಅಂಟಿತ್ತು. ಹಾಗಾಗಿ ಮೊದಲ ಒಂದೆರಡು ರಾತ್ರಿ ಲೋಯಿ ಫುಲ್ಲರ್ ತಮ್ಮನ್ನೇ ನಕಲು ಮಾಡಿದವಳ ಹೆಸರಿನಲ್ಲಿ ತಮ್ಮದೇ ನೃತ್ಯ ಮಾಡಿದರು. ಬೇರೆಯವರಾಗಿದ್ದರೆ ಮುಂದಿನ ಹಡಗು ಹತ್ತಿ ಹೊರಟುಬಿಡುತ್ತಿದ್ದರು.

ಕೃತಿಸ್ವಾಮ್ಯ ಸಿಗಲಿಲ್ಲವೆಂದ ಮೇಲೆ ಈಕೆ ಪೇಟೆಂಟ್ ಕಚೇರಿಗೆ ಹೋದರು. 1894ರ ಅಮೆರಿಕನ್ ಪೇಟೆಂಟ್ ಸಂಖ್ಯೆ 518347, ನರ್ತಕಿಯರ ಉಡುಪು. ಕುಣಿತ ನನ್ನದಲ್ಲವೆಂದರೆ ಬೇಡ, ಕೋಲು ಹೊಲಿದ ಲಂಗವಾದರೂ ನನ್ನದು ಎಂಬ ಹಟ. ಇಂಥ ಹಟ ನನಗೆ ಬಹಳ ಇಷ್ಟ. ರೇಡಿಯಂ ಬಗ್ಗೆ ಓದಿದಾಗ ನೇರವಾಗಿ ಕ್ಯೂರಿ ದಂಪತಿಗೆ ಕಾಗದ ಬರೆದು, ಹೊಳೆಯುವ ಚಿಟ್ಟೆ ರೆಕ್ಕೆ ಮಾಡಿಕೊಳ್ಳಲು ರೇಡಿಯಂ ಸಿಗುವುದೇ ಎಂದು ಕೇಳಿದರು. ಅದು ಏಕೆ ಆಗದು ಎಂದು ಅವರು ಸಾವಧಾನವಾಗಿ ವಿವರಿಸಿ ಉತ್ತರಿಸಿದರು. ಆ ಉಪಕಾರಕ್ಕೆ ಫುಲ್ಲರ್ ತಮ್ಮ ದೀಪದವರನ್ನೂ ಸಲಕರಣೆಗಳನ್ನೂ ಹೊರಿಸಿಕೊಂಡು ಕ್ಯೂರಿಗಳ ಮನೆಗೇ ಹೋಗಿ, ಅವರ ಪುಟ್ಟ ಊಟದ ಕೋಣೆಯಲ್ಲಿ ಕುಣಿದು ಬಂದರು. ಪುಣ್ಯಕ್ಕೆ ರೇಡಿಯಂ ಸಿಗಲಿಲ್ಲ.

ಇನ್ನೊಂದು ವಿಚಿತ್ರ. ಈ ವಿಡಿಯೊ ಸಂಕಲನಕ್ಕೆ ಕುಳಿತಾಗ ಅವರು ಕುಣಿಯುವ ದೃಶ್ಯ ಬೇಕಿತ್ತು. ಅಂತರ್ಜಾಲದಲ್ಲಿ ಅವರ ಹೆಸರು ಹೊತ್ತ ತುಣುಕುಗಳಿಗೆ ಬರವಿಲ್ಲ. ಕೈಯಿಂದ ಬಣ್ಣ ಹಚ್ಚಿದ, ಈಗ ಪರದೆಯ ಮೇಲೆ ಓಡುತ್ತಿರುವ ಈ ತುಣುಕು 1890ರ ದಶಕದ್ದು, ಎಡಿಸನ್ ಸಂಸ್ಥೆಯದು. ಕುಣಿಯುತ್ತಿರುವವರು ಅನಬೆಲ್ ವಿಟ್‌ಫೋರ್ಡ್. ಲುಮಿಯೇರ್ ಸಹೋದರರ ತುಣುಕಿನಲ್ಲಿರುವವರೂ ಫುಲ್ಲರ್ ಅಲ್ಲ. ಅಂದು ಹೆಸರು ಕಿತ್ತುಕೊಂಡ ನಕಲುಗಳಿಗೇ ಇಂದು ಜನ ಅವರ ಹೆಸರು ಅಂಟಿಸುತ್ತಾರೆ. ಇಸಡೋರಾ ಅವರಂತೂ ಕ್ಯಾಮೆರಾ ಬೇಡವೆಂದೇ ದೂರವಿಟ್ಟವರು.

ಹಾಗಾದರೆ ಇವರ ನೃತ್ಯ ಉಳಿದದ್ದು ಹೇಗೆ? ಕಣ್ಣಾರೆ ಕಂಡವರಿಂದ. 1900ರ ಪ್ಯಾರಿಸ್ ವಿಶ್ವಮೇಳದಲ್ಲಿ ಫುಲ್ಲರ್‌ಗೆ ಸ್ವಂತ ರಂಗಮಂದಿರವೇ ಇತ್ತು. ಅಲ್ಲಿ ಅವರನ್ನೂ, ಅವರು ಆತಿಥ್ಯ ಕೊಟ್ಟಿದ್ದ ಜಪಾನಿನ ನಟಿ ಸಾಡಾ ಯಾಕೊ ಅವರನ್ನೂ ನೋಡಿದ ಅಮೆರಿಕದ ಯುವ ನರ್ತಕಿ ರೂತ್ ಸೇಂಟ್ ಡೆನಿಸ್. ಸಿಗರೇಟಿನ ಜಾಹೀರಾತಿನ ಈಜಿಪ್ಟ್ ದೇವತೆಯ ಚಿತ್ರದಿಂದ ಹುಮ್ಮಸ್ಸು ಹಿಡಿದು, 1906ರಲ್ಲಿ ಫ್ರೆಂಚ್ ಒಪೆರಾ ಸಂಗೀತಕ್ಕೆ ರಾಧೆಯಾಗಿ ಕುಣಿದರು. ಆಗ ಆಕೆ ಭಾರತವನ್ನು ಕಂಡೇ ಇರಲಿಲ್ಲ. ಆ ಛಾಯಾಚಿತ್ರಗಳನ್ನು ನೋಡಿದರೆ ಭರತನಾಟ್ಯ ಕಲಿತ ಯಾರಿಗೂ ಮುಜುಗರವಾಗುತ್ತದೆ; ನನಗೂ ಆಯಿತು. ಆದರೆ ಆಕೆ ಮತ್ತು ಆಕೆಯ ಪತಿ, ನರ್ತಕ ಟೆಡ್ ಶಾನ್ 1915ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆರೆದ ಡೆನಿಶಾನ್ ಶಾಲೆಯಿಂದಲೇ ಅಮೆರಿಕದ ಆಧುನಿಕ ನೃತ್ಯದ ದೊಡ್ಡ ಹೆಸರುಗಳಾದ ಮಾರ್ತಾ ಗ್ರಹಾಂ, ಡೋರಿಸ್ ಹಂಫ್ರಿ ಹೊರಬಂದರು. ಮುಂದೆ 1940ರಲ್ಲಿ ರೂತ್ ಜೊತೆಗೂಡಿ ನ್ಯೂಯಾರ್ಕಿನಲ್ಲಿ ನಾಟ್ಯಶಾಲೆ ಕಟ್ಟಿದ ಅಮೆರಿಕನ್ ನರ್ತಕಿ ಲಾ ಮೇರಿ, ಅದಕ್ಕೂ ಮುಂಚೆಯೇ ನಮ್ಮ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಅವರನ್ನು ಪೂರ್ವ ಏಷ್ಯಾದ ಪ್ರವಾಸಕ್ಕೆ ಕರೆದೊಯ್ದಿದ್ದರು. ರಾಮ್ ಗೋಪಾಲ್ ಅವರದೇ ಒಂದು ವಿಡಿಯೊ ಆಗುವಷ್ಟು ಕಥೆ, ಇಲ್ಲಿ ತುರುಕುವುದಿಲ್ಲ.

ಎರಡು ಗೂಡುಗಳ ನಡುವೆ ಓಡಾಡುವಾಗ ನನ್ನನ್ನು ಕಾಡಿದ್ದು ಆ ನ್ಯಾಯಾಧೀಶರ ಮಾತು. ಕಥೆಯಿಲ್ಲದ ಕುಣಿತಕ್ಕೆ ಹಕ್ಕಿಲ್ಲ ಎಂದರು ಅವರು. ನಾವೂ ಅದನ್ನೇ ಮಾಡಿದ್ದೇವಲ್ಲ? ಶಾಲು, ನದಿ, ರಷ್ಯದ ಕವಿ ಇದ್ದ ಬದುಕಿಗೆ ಗುಲಾಬಿ. ದೀಪ, ಗಾಜು, ಪೇಟೆಂಟ್ ಇದ್ದ ಬದುಕಿಗೆ ಬರೀ ಸಂಖ್ಯೆ. ಕಾನೂನು ತಡವಾಗಿಯಾದರೂ ತಿದ್ದಿಕೊಂಡಿತು. ನೃತ್ಯ ಸಂಯೋಜನೆಯನ್ನು ಹೆಸರಿಸಿ ರಕ್ಷಣೆ ಕೊಡುವ ಅಮೆರಿಕದ ಕೃತಿಸ್ವಾಮ್ಯ ಕಾಯ್ದೆ ಬಂದದ್ದು 1976ರಲ್ಲಿ. ಅದರಲ್ಲಿ ಕಥೆ ಇರಲೇಬೇಕೆಂಬ ಷರತ್ತಿಲ್ಲ.

ನಿಮ್ಮಲ್ಲಿ ಯಾರಾದರೂ ಆ ಬಣ್ಣದ ತುಣುಕನ್ನು ಹಂಚುವುದಾದರೆ ಅನಬೆಲ್ ವಿಟ್‌ಫೋರ್ಡ್ ಎಂದೇ ಬರೆಯಿರಿ. ಆಕೆಯೂ ಕಷ್ಟಪಟ್ಟು ಕುಣಿದವರೇ.