‘ಆಮೇಲೆ’ ಎಂಬ ಸಾಕ್ಷಿ

ಕೇಳುಗರಿಗೆ ನಮಸ್ಕಾರ. ಬೆದರಿಕೆ ಪತ್ರ, ಪೊಲೀಸರ ಮುಂದೆ ಕೊಟ್ಟ ಹೇಳಿಕೆ, ಫೋನಿಗೆ ಬಂದ ಮೆಸೇಜು, ಇವನ್ನೆಲ್ಲ ಓದಿ ಇದು ಯಾರ ಮಾತು ಎಂದು ಹುಡುಕುವುದು ನನ್ನ ಕೆಲಸ. ಹೀಗೆಂದ ತಕ್ಷಣ ‘ಓ, ಕೈಬರಹವಾ?’ ಅಂತಾರೆ. ಅಲ್ಲ. ಅಕ್ಷರದ ಆಕಾರ ನೋಡುವವರು ಬೇರೆ. ನಾವು ನೋಡುವುದು ಮಾತನ್ನು, ಅದರಲ್ಲೂ ಸಣ್ಣ ಸಣ್ಣ ಪದಗಳನ್ನು. ಇದೊಂದು ನೆನಪಿಟ್ಟುಕೊಳ್ಳಿ: ದೊಡ್ಡ ಪದಗಳನ್ನು ನಾವು ಆರಿಸಿ ಹಾಕುತ್ತೇವೆ, ಸಣ್ಣವು ತಾವಾಗಿ ಬಂದು ಬೀಳುತ್ತವೆ.

1952ರ ನವೆಂಬರ್ 2, ರಾತ್ರಿ. ಲಂಡನ್ ಹತ್ತಿರದ ಕ್ರಾಯ್ಡನ್. ಇಬ್ಬರು ಹುಡುಗರು ಕನ್ನ ಹಾಕಲು ಗೋದಾಮಿನ ಮಾಳಿಗೆ ಹತ್ತಿದರು. ಪೊಲೀಸರು ಬಂದರು. 16 ವರ್ಷದ ಕ್ರಿಸ್ಟೋಫರ್ ಕ್ರೇಗ್ ಗುಂಡು ಹಾರಿಸಿದ, ಒಬ್ಬ ಪೇದೆ ಸತ್ತರು. ಜೊತೆಗಿದ್ದ ಡೆರೆಕ್ ಬೆಂಟ್ಲಿಗೆ 19. ಅಷ್ಟು ಹೊತ್ತಿಗಾಗಲೇ ಅವನು ಪೊಲೀಸರ ಕೈಗೆ ಸಿಕ್ಕಿದ್ದ. ಆದರೂ 1953ರ ಜನವರಿ 28ರಂದು ಗಲ್ಲಿಗೇರಿದ್ದು ಅವನೇ. ಕ್ರೇಗ್‌ಗೆ ವಯಸ್ಸು ಸಾಲದು ಎಂದು ಜೈಲಾಯಿತು.

ಕೋರ್ಟಿನಲ್ಲಿ ಬೆಂಟ್ಲಿಯ ಹೇಳಿಕೆ ಇತ್ತು. ನಾವು ಏನೂ ಕೇಳಲಿಲ್ಲ, ಅವನು ಹೇಳುತ್ತಾ ಹೋದ, ಹಾಗೇ ಬರೆದುಕೊಂಡೆವು ಎಂಬುದು ಪೊಲೀಸರ ವಾದ. ಓದು ಬರಹ ಸರಿಯಾಗಿ ಬಾರದ ಹುಡುಗ. ಹಾಗಾದರೆ ಅದು ಅವನು ಮಾತಾಡಿದ ಹಾಗೇ ಇರಬೇಕು, ಅಲ್ವಾ?

ಎಷ್ಟೋ ವರ್ಷಗಳ ಮೇಲೆ ಮಾಲ್ಕಮ್ ಕೂಲ್ಥಾರ್ಡ್ ಎಂಬ ಭಾಷಾತಜ್ಞರು ಅದರಲ್ಲಿನ ‘ದೆನ್’ಗಳನ್ನು ಎಣಿಸಿದರು. ನಮ್ಮ ‘ಆಮೇಲೆ’. 582 ಪದಗಳಲ್ಲಿ 10 ಸಲ, ಅಂದರೆ 58 ಪದಕ್ಕೊಂದು. ಬೇರೆ ಸಾಕ್ಷಿಗಳ ಹೇಳಿಕೆ ತೆಗೆದರೆ 930 ಪದಗಳಲ್ಲಿ ಒಂದೇ ಒಂದು. ಪೊಲೀಸರದ್ದು ತೆಗೆದರೆ? 78 ಪದಕ್ಕೊಂದು. ಹುಡುಗ ಯಾರ ಹಾಗೆ ಮಾತಾಡಿದ್ದಾನೆ ನೋಡಿ!

ಇಷ್ಟೇ ಅಲ್ಲ, ಪದ ಕೂತ ಜಾಗವನ್ನೂ ನೋಡಬೇಕು. ‘ಆಮೇಲೆ ಕ್ರಿಸ್ ಹಾರಿದ’ ಎನ್ನುವುದು ಬಾಯಿಮಾತು. ಆ ಹೇಳಿಕೆಯಲ್ಲಿ ಇರುವುದು ‘ಕ್ರಿಸ್ ದೆನ್ ಜಂಪ್ಡ್ ಓವರ್’, ‘ಕ್ರಿಸ್ ಆಮೇಲೆ ಹಾರಿದ’. ಯಾರು, ಆಮೇಲೆ ಏನು ಮಾಡಿದ ಎಂದು ಸಾಲಾಗಿ ಜೋಡಿಸುವುದು ಠಾಣೆಯ ಬರಹದ ಧಾಟಿ. ಗಾಬರಿಯಲ್ಲಿರುವ ಹುಡುಗನ ಬಾಯಲ್ಲಿ ಅದು ಎಲ್ಲಿಂದ ಬರಬೇಕು?

1998ರ ಜುಲೈ 30ರಂದು ಮೇಲ್ಮನವಿ ಕೋರ್ಟು ಅವನ ಮೇಲಿನ ತೀರ್ಪನ್ನು ರದ್ದು ಮಾಡಿತು. ಕೋರ್ಟು ಮುಖ್ಯವಾಗಿ ಬೊಟ್ಟು ಮಾಡಿದ್ದು ಅಂದಿನ ನ್ಯಾಯಾಧೀಶರು ಜ್ಯೂರಿಗೆ ಹೇಳಿದ ಮಾತುಗಳತ್ತ. ಅದಿರಲಿ, ನನ್ನ ತಲೆಯಲ್ಲಿ ಉಳಿದಿರುವುದು ಆ ‘ಆಮೇಲೆ’.

ಸಮಯ ಮುಗಿಯುತ್ತಾ ಬಂತು, ಅಮೆರಿಕದ್ದು ಬೇಗ ಹೇಳಿಬಿಡುತ್ತೇನೆ. 1978ರಿಂದ ಬಾಂಬ್ ಕಳಿಸುತ್ತಿದ್ದವನ 35,000 ಪದಗಳ ಬರಹ 1995ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ ಒಬ್ಬರಿಗೆ ಇದು ನಮ್ಮಣ್ಣನ ಧಾಟಿಯಲ್ವಾ ಎಂಬ ಅನುಮಾನ ಹುಟ್ಟಿತು. ಮುಂದಿನ ವರ್ಷ ಅಣ್ಣ ಟೆಡ್ ಕಝಿನ್ಸ್ಕಿ ಸಿಕ್ಕಿಬಿದ್ದ.

ಒಂದೇ ಮೆಸೇಜು ತೋರಿಸಿ ‘ಇವನು ಸುಳ್ಳು ಹೇಳ್ತಿದ್ದಾನಾ?’ ಅಂತ ಕೇಳುವವರಿದ್ದಾರೆ. ಸ್ವಾಮಿ, ನಾನು ಜ್ಯೋತಿಷಿ ಅಲ್ಲ. ಹೋಲಿಸಿ ನೋಡಲು ಅದೇ ಮನುಷ್ಯನ ಇನ್ನಷ್ಟು ಬರಹ ಬೇಕು.

ಇನ್ನೊಂದು. ಬೆದರಿಕೆ ಪತ್ರ ಬಂದರೆ ಇದ್ದದ್ದನ್ನು ಇದ್ದ ಹಾಗೇ ತನ್ನಿ, ಕಾಗುಣಿತ ತಿದ್ದಬೇಡಿ. ಒಮ್ಮೆ ಒಬ್ಬರು ಮೂಲ ಪತ್ರವನ್ನು ಹರಿದು ಹಾಕಿ, ತಪ್ಪೆಲ್ಲ ಸರಿಮಾಡಿ, ಬೇಕಾದಲ್ಲಿ ‘ಮತ್ತು’ ಸೇರಿಸಿ, ಅಂದವಾಗಿ ಟೈಪ್ ಮಾಡಿಸಿ ತಂದುಕೊಟ್ಟರು. ಎರಡು ದಿನ ಕೂತು ಓದಿದೆ. ಅದರಲ್ಲಿ ನನಗೆ ಸಿಕ್ಕಿದ್ದು ಟೈಪ್ ಮಾಡಿದವರ ಭಾಷೆ ಮಾತ್ರ.