ಜೂನಿಯರ್ ಕಾಲೇಜು ಅಂದರೆ ಪಿಯುಸಿ ಅಲ್ಲ

ಕೇಳುಗರಿಗೆ ನಮಸ್ಕಾರ. ಕ್ಯಾಲಿಫೋರ್ನಿಯಾದ ಕುಪರ್ಟಿನೋ, ಸನ್ನಿವೇಲ್, ಸ್ಯಾನ್ ಹೋಸೆ ಕಡೆ ಹೈಸ್ಕೂಲು ಓದುವ ಮಕ್ಕಳಿರುವ ಕನ್ನಡದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತಿದ್ದೇನೆ. ವಿಷಯ ಕಮ್ಯುನಿಟಿ ಕಾಲೇಜು. ಅದರಲ್ಲೂ ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ, 85ನೇ ಹೆದ್ದಾರಿಯ ಪಕ್ಕದಲ್ಲಿರುವ ಡಿ ಆಂಜಾ ಕಾಲೇಜು.

ಮೊದಲು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ಇಲ್ಲಿನ ಹಳಬರು ಇದನ್ನು ಜೂನಿಯರ್ ಕಾಲೇಜು ಅನ್ನುತ್ತಾರೆ. ಊರಿಗೆ ಫೋನ್ ಮಾಡಿ, ಮೊಮ್ಮಗ ಜೂನಿಯರ್ ಕಾಲೇಜಿಗೆ ಸೇರಿದ ಅಂದರೆ ಅಜ್ಜಿಗೆ ಕೇಳಿಸುವುದು ಪಿಯುಸಿ. 'ಹನ್ನೆರಡನೇದು ಮುಗಿಸಿದ್ನಲ್ಲಪ್ಪ, ಮತ್ತ್ಯಾಕೆ?' ಅಂತ ಅವರು ಗಾಬರಿಯಾದರೆ ತಪ್ಪಿಲ್ಲ. ಇದು ಪಿಯುಸಿ ಅಲ್ಲ, ಡಿಗ್ರಿಯ ಮೊದಲ ಎರಡು ವರ್ಷ. ಆ ಎರಡು ವರ್ಷ ಇಲ್ಲಿ ಓದಿ, ಮೂರನೇ ವರ್ಷಕ್ಕೆ ಡೇವಿಸ್‌ಗೋ ಬರ್ಕ್ಲಿಗೋ ಸ್ಯಾನ್ ಹೋಸೆ ಸ್ಟೇಟ್‌ಗೋ ಹೋಗಬಹುದು. ಕೊನೆಗೆ ಸಿಗುವ ಪದವಿ ಆ ವಿಶ್ವವಿದ್ಯಾಲಯದ್ದೇ.

ಇದು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯೂ ಅಲ್ಲ. ಇಲಿನಾಯ್‌ನ ಜೋಲಿಯಟ್ ಊರಿನಲ್ಲಿ 1901ರಲ್ಲಿ ಆರೇ ಆರು ವಿದ್ಯಾರ್ಥಿಗಳಿಂದ ಶುರುವಾಯಿತು. ಕ್ಯಾಲಿಫೋರ್ನಿಯಾ 1907ರಲ್ಲಿ ಕಾನೂನು ಮಾಡಿತು, 1910ರಲ್ಲಿ ಫ್ರೆಸ್ನೋದಲ್ಲಿ ಕಾಲೇಜು ತೆರೆಯಿತು. 1960ರಲ್ಲಿ ರಾಜ್ಯದ ಮಾಸ್ಟರ್ ಪ್ಲಾನ್ ಬಂತು: ಹೈಸ್ಕೂಲಿನ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ (ಬರ್ಕ್ಲಿ, ಡೇವಿಸ್ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಕಮ್ಯುನಿಟಿ ಕಾಲೇಜು ಮಾತ್ರ ಎಲ್ಲರಿಗೂ. ನಮ್ಮ ಈ ಭಾಗದಲ್ಲಿ ಫುಟ್‌ಹಿಲ್ ಕಾಲೇಜು 1958ರಲ್ಲಿ ಪಾಠ ಆರಂಭಿಸಿತು, ಡಿ ಆಂಜಾ 1967ರಲ್ಲಿ. ಎರಡಕ್ಕೂ ಒಂದೇ ಡಿಸ್ಟ್ರಿಕ್ಟು, ಅಂದರೆ ಒಂದೇ ಆಡಳಿತ. 1776ರಲ್ಲಿ ಈ ದಾರಿಯಲ್ಲಿ ಹಾದುಹೋದ ಸ್ಪೇನಿನ ಸೇನಾಧಿಕಾರಿಯೊಬ್ಬನ ಹೆಸರೇ ಡಿ ಆಂಜಾ. ಇತಿಹಾಸ ಇಷ್ಟು ಸಾಕು.

ಇನ್ನು ನಾನು ಹೇಳಬೇಕಾದ ಒಂದೇ ಮಾತು. ಕೋರ್ಸ್ ಹಿಡಿಯುವ ಮೊದಲು ಅಸಿಸ್ಟ್ ನೋಡಿ. ಅಸಿಸ್ಟ್ ಅನ್ನುವುದು ಸರ್ಕಾರಿ ಜಾಲತಾಣ, ದುಡ್ಡಿಲ್ಲ, ಲಾಗಿನ್ನೂ ಇಲ್ಲ. ಡಿ ಆಂಜಾದಲ್ಲಿ ಓದಿದ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಅದು ಹೇಗೆಂದು ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ ಆಪಲ್ ಕಟ್ಟಿದವರಲ್ಲೊಬ್ಬರಾದ ವೋಜ್ನಿಯಾಕ್ ವಿಷಯ ಹೇಳಲೇಬೇಕು, ಅದಿಲ್ಲದೆ ಡಿ ಆಂಜಾ ಬಗ್ಗೆ ಮಾತು ಮುಗಿಯುವುದಿಲ್ಲ.

ಸ್ಟೀವ್ ವೋಜ್ನಿಯಾಕ್ ಓದಿದ್ದು ಹೋಮ್‌ಸ್ಟೆಡ್ ಹೈಸ್ಕೂಲಿನಲ್ಲಿ. ನಿಮ್ಮಲ್ಲಿ ಕೆಲವರ ಮಕ್ಕಳು ಈಗ ಬ್ಯಾಗ್ ಹೊತ್ತು ಹೋಗುವ ಅದೇ ಹೋಮ್‌ಸ್ಟೆಡ್. ಅಲ್ಲಿಂದ ಕೊಲೊರಾಡೊ ವಿಶ್ವವಿದ್ಯಾಲಯಕ್ಕೆ ಹೋದರು, ಒಂದು ವರ್ಷದಲ್ಲಿ ವಾಪಸು ಬಂದರು. ಬಂದು ಸೇರಿದ್ದು ಎಲ್ಲಿಗೆ? ಆಗಿನ್ನೂ ಸುಣ್ಣದ ವಾಸನೆ ಆರದ ಡಿ ಆಂಜಾಕ್ಕೆ. ಅಲ್ಲಿಂದ 1971ರಲ್ಲಿ ಬರ್ಕ್ಲಿಗೆ ಟ್ರಾನ್ಸ್‌ಫರ್. ಬರ್ಕ್ಲಿಯನ್ನೂ ಅರ್ಧಕ್ಕೆ ಬಿಟ್ಟರು, 1976ರಲ್ಲಿ ಸ್ಟೀವ್ ಜಾಬ್ಸ್ ಜೊತೆ ಆಪಲ್ ಕಟ್ಟಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ ನೋಡಿ. ಕೋಟ್ಯಧೀಶರಾದ ಮೇಲೆ ಮತ್ತೆ ಬರ್ಕ್ಲಿಗೆ ಹೋಗಿ, ಯಾರೂ ಗುರುತು ಹಿಡಿಯದಿರಲೆಂದು ರಾಕಿ ಕ್ಲಾರ್ಕ್ ಅಂತ ಹೆಸರಿಟ್ಟುಕೊಂಡು ಕೂತು ಓದಿ, 1986ರಲ್ಲಿ ಡಿಗ್ರಿ ತಗೊಂಡರು.

ಆ ನಡುವೆ 1984ರ ಜನವರಿ 24. ಡಿ ಆಂಜಾದ ಫ್ಲಿಂಟ್ ಸೆಂಟರ್, ಸುಮಾರು 2,400 ಆಸನದ ಸಭಾಂಗಣ, ಡಿಸ್ಟ್ರಿಕ್ಟಿನ ಮೊದಲ ಮುಖ್ಯಸ್ಥ ಕ್ಯಾಲ್ವಿನ್ ಫ್ಲಿಂಟ್ ಹೆಸರಿನದು. ಆಪಲ್ ಷೇರುದಾರರ ಸಭೆ. ಬೋ ಟೈ ಕಟ್ಟಿದ್ದ ಜಾಬ್ಸ್ ಚೀಲದೊಳಗಿಂದ ಮ್ಯಾಕಿಂಟಾಶ್ ತೆಗೆದು ಮೇಜಿನ ಮೇಲಿಟ್ಟರು, ಜೇಬಿನಿಂದ ಫ್ಲಾಪಿ ತೆಗೆದು ತೂರಿಸಿದರು, ಯಂತ್ರ ತಾನೇ ಮಾತಾಡಿತು. ಕೇಳುತ್ತಿರುವ ಎಂಜಿನಿಯರುಗಳಿಗೆ ಇನ್ನೊಂದು ವಿಷಯ: ಅಂಗಡಿಗೆ ಬಂದ ಮ್ಯಾಕಿನಲ್ಲಿದ್ದ ಮೆಮೊರಿ 128 ಕಿಲೋಬೈಟು. ಮಾತಿನ ಆ ಡೆಮೊ ಅದರಲ್ಲಿ ಹಿಡಿಸಲಿಲ್ಲ. ವೇದಿಕೆಯ ಮೇಲಿದ್ದದ್ದು 512ರ ಮಾದರಿ ಯಂತ್ರ! 1998ರ ಐಮ್ಯಾಕ್, 2014ರ ಆಪಲ್ ವಾಚ್ ಹೊರಬಿದ್ದದ್ದೂ ಅದೇ ಸಭಾಂಗಣದಲ್ಲಿ. 2019ರಲ್ಲಿ ಅದು ಮುಚ್ಚಿತು. 'ಬರೀ ಕಮ್ಯುನಿಟಿ ಕಾಲೇಜು' ಅಂತ ಮೂಗು ಮುರಿಯುವವರಿಗಾಗಿ ಇಷ್ಟು ಹೇಳಿದೆ.

ಗಡಿಯಾರ ನೋಡಿದರೆ ಅರ್ಧ ಸಮಯ ಹೋಗಿದೆ. ಬೇಗ ಬೇಗ ಹೇಳುತ್ತೇನೆ.

ಅಸಿಸ್ಟ್ ತೆರೆಯಿರಿ. ವರ್ಷ, ಓದುತ್ತಿರುವ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ಆಮೇಲೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ), ಈ ನಾಲ್ಕನ್ನು ಆರಿಸಿ. ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಡಿ ಆಂಜಾದ್ದು. ಬಲಗಡೆ ಎರಡು ಕೋರ್ಸಿನ ನಡುವೆ 'ಆ್ಯಂಡ್' ಇದೆಯಾ ನೋಡಿ. ಇದ್ದರೆ ಎರಡನ್ನೂ ಓದಿದರೆ ಮಾತ್ರ ಲೆಕ್ಕ. ಒಂದನ್ನೇ ಓದಿದರೆ ಎಡಗಡೆಯ ಸಾಲು ಖಾಲಿ ಉಳಿಯುತ್ತದೆ.

ಹೆಚ್ಚು ಮಕ್ಕಳು ಎಡವುವುದು ಕ್ಯಾಲ್ಕುಲಸ್‌ನಲ್ಲಿ. ಡಿ ಆಂಜಾದಲ್ಲಿರುವುದು ಕ್ವಾರ್ಟರ್, ಅಂದರೆ ಹನ್ನೆರಡು ವಾರ. ಕ್ಯಾಲ್ಕುಲಸ್ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ತುಂಡು. ಮಿಷನ್, ವೆಸ್ಟ್ ವ್ಯಾಲಿ ಕಾಲೇಜುಗಳಲ್ಲಿ ಸೆಮಿಸ್ಟರ್, ಅಲ್ಲಿ ಅದೇ ಪಾಠ ಮೂರು ತುಂಡು. ಎರಡು ತುಂಡು ಇಲ್ಲಿ ಓದಿ, ಟೈಮಿಂಗ್ ಚೆನ್ನಾಗಿದೆ ಅಂತ ಉಳಿದದ್ದಕ್ಕೆ ಅಲ್ಲಿಗೆ ಹೋದರೆ ಕೆಲವು ಅಧ್ಯಾಯ ಎರಡು ಸಲ, ಕೆಲವು ಬಿಟ್ಟೇ ಹೋಗುತ್ತವೆ. ಸರಣಿ ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ. ಫಿಸಿಕ್ಸಿಗೂ ಇದೇ ಮಾತು. ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಮೊದಲು ಅಸಿಸ್ಟ್, ಆಮೇಲೆ ಕೋರ್ಸ್. ಪಕ್ಕದ ಮನೆಯವರ ಮಗಳು ಯಾವುದು ತಗೊಂಡಳು ಅನ್ನುವುದು ನಿಮಗೆ ಬೇಡ. ಅವಳ ಮೇಜರ್ ಬೇರೆ.

ಖರ್ಚು: ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕ್ವಾರ್ಟರ್ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 31 ಡಾಲರ್. ಐದು ಯೂನಿಟ್ಟಿನ ಕ್ಯಾಲ್ಕುಲಸ್‌ಗೆ 155. ಆರೋಗ್ಯ ಶುಲ್ಕ, ವಿದ್ಯಾರ್ಥಿ ಶುಲ್ಕ ಬೇರೆ. ಟ್ರಾನ್ಸ್‌ಫರ್‌ಗೆ ಬೇಕಾದ 90 ಯೂನಿಟ್ಟನ್ನು ಕ್ವಾರ್ಟರಿಗೆ 15ರಂತೆ ಓದಿದರೆ ಆರು ಕ್ವಾರ್ಟರ್, ಎರಡು ವರ್ಷ. ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾ ಆಧರಿಸಿದ ಎಚ್-4 ವೀಸಾದ ಮಕ್ಕಳಿಗೆ ಈ ದರ ಸಿಗುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಒಂದು ವರ್ಷ ಇಲ್ಲೇ ವಾಸವಿದ್ದದ್ದಕ್ಕೆ ದಾಖಲೆ ಕೊಟ್ಟರೆ ಸಿಗುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಸಿಗುವುದಿಲ್ಲ.

ಟ್ಯಾಗ್ ಅನ್ನುವ ಪ್ರವೇಶ ಖಾತರಿ ಆರು ಯುಸಿಗಳಿಗಿದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಹಾಕಬಹುದಾದ್ದು ಒಂದಕ್ಕೆ ಮಾತ್ರ, ಅದೂ ಸೆಪ್ಟೆಂಬರ್ 1ರಿಂದ 30ರೊಳಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಕೆಲವು ಎಂಜಿನಿಯರಿಂಗ್ ಮೇಜರ್‌ಗಳಿಗೂ ಖಾತರಿ ಇಲ್ಲ, ಪಟ್ಟಿಯನ್ನು ವರ್ಷ ವರ್ಷ ನೋಡಬೇಕು.

ಕ್ಯಾಂಪಸ್ಸಿನ ಬದುಕು ಹೇಳಬೇಕೆಂದಿದ್ದೆ, ಎರಡು ನಿಮಿಷ ಉಳಿದಿದೆ. ಕ್ಯಾಂಪಸ್ಸಿನೊಳಗೆ ಹಾಸ್ಟೆಲ್ ಇಲ್ಲ, ಊಟಕ್ಕೆ ಮನೆಯ ಡಬ್ಬಿಯೇ. ಮೊದಲ ಎರಡು ವಾರ ಪಾರ್ಕಿಂಗ್ ಸಿಗುವುದಿಲ್ಲ, ಕಾರು ಸುತ್ತುತ್ತಲೇ ಇರುತ್ತವೆ. ಸ್ಟೀವನ್ಸ್ ಕ್ರೀಕ್ ಮೇಲೆ ಬರುವ 23ನೇ ನಂಬರ್ ಬಸ್ಸು ಕಾಲೇಜಿನ ಬಾಗಿಲಿಗೇ ಬಿಡುತ್ತದೆ. ಸಂಜೆ ತರಗತಿಯಲ್ಲಿ ಹದಿನೆಂಟರ ಹುಡುಗನ ಪಕ್ಕ, ಕೆಲಸ ಮುಗಿಸಿ ಬಂದ ನಲವತ್ತೈದರ ತಾಯಿ ಕೂತಿರುತ್ತಾರೆ. ಮಿಡ್‌ಟರ್ಮ್ ನಾಲ್ಕನೇ, ಐದನೇ ವಾರಕ್ಕೇ ಬಂದುಬಿಡುತ್ತದೆ. ಸೆಮಿಸ್ಟರ್ ಲೆಕ್ಕದಲ್ಲಿ ಆರಾಮಾಗಿದ್ದವರು ಅಲ್ಲೇ ಮುಗ್ಗರಿಸುವುದು.

ಕೊನೆಯದು, ಪೆನ್ನು ಹಿಡಿದಿದ್ದರೆ ಬರೆದುಕೊಳ್ಳಿ. ಮೊದಲ ತರಗತಿ ತಪ್ಪಿಸಬಾರದು. ಬಾರದವರ ಹೆಸರನ್ನು ಮೇಷ್ಟ್ರು ತೆಗೆದು, ವೇಟ್‌ಲಿಸ್ಟಿನಲ್ಲಿ ಕಾಯುತ್ತಿರುವವರಿಗೆ ಸೀಟು ಕೊಡಬಹುದು. ನಿಮ್ಮ ಮಗುವೇ ವೇಟ್‌ಲಿಸ್ಟಿನಲ್ಲಿದ್ದರೆ, ಆ ದಿನ ಹೋಗಿ ಕೂತಿರಲಿ. ಮೇಷ್ಟ್ರು ಕೋರ್ಸಿಗೆ ಸೇರಿಕೊಳ್ಳುವ ಆ್ಯಡ್ ಕೋಡ್ ಕೊಟ್ಟರೆ ಅದನ್ನು ಅವತ್ತೇ ಹಾಕಿ, ಅದಕ್ಕೂ ಗಡುವಿದೆ. ಹಾಕುವ ಮೊದಲು ಏನು ನೋಡಬೇಕೆಂದು ನಿಮಗೆ ಗೊತ್ತು. ನಮಸ್ಕಾರ.