ಮುಖ ಬೇಡ, ಮಾತು ಕೇಳಿ: ಎಂಎಫ್ ಡೂಮ್ ಎಂಬ ರ‍್ಯಾಪರ್

ಎಲ್ಲರಿಗೂ ನಮಸ್ಕಾರ.

ರ‍್ಯಾಪ್ ಅಂದ ಕೂಡಲೇ ಕೊರಳ ತುಂಬ ಚಿನ್ನದ ಸರ, ದುಬಾರಿ ಕಾರು ನೆನಪಾಗುವವರು ನಿಮ್ಮಲ್ಲೂ ಇರಬಹುದು. ನಾನು ಇವತ್ತು ಮಾತಾಡುವುದು ಮುಖವನ್ನೇ ತೋರಿಸದ ಒಬ್ಬ ರ‍್ಯಾಪರ್ ಬಗ್ಗೆ. ಎಂಎಫ್ ಡೂಮ್. ಆತ ತೀರಿಕೊಂಡು ವರ್ಷಗಳಾದವು. ನನ್ನ ಅಭಿಮಾನ ಮಾತ್ರ ಕಡಿಮೆಯಾಗಿಲ್ಲ, ಜಾಸ್ತಿಯೇ ಆಗಿದೆ.

ನಿಜವಾದ ಹೆಸರು ಡೇನಿಯಲ್ ಡೂಮಿಲೇ. ಹುಟ್ಟಿದ್ದು 1971ರಲ್ಲಿ, ಲಂಡನ್‌ನಲ್ಲಿ. ತಾಯಿ ಟ್ರಿನಿಡಾಡ್ ಕಡೆಯವರು, ತಂದೆ ಜಿಂಬಾಬ್ವೆಯವರು. ಆತ ಚಿಕ್ಕವನಿದ್ದಾಗಲೇ ಮನೆಯವರು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ಗೆ ಬಂದು ನೆಲೆಸಿದರು. ಅಲ್ಲಿ ತಮ್ಮನ ಜೊತೆ ಸೇರಿ ಕೆಎಂಡಿ ಅನ್ನುವ ತಂಡ ಕಟ್ಟಿದ. ತಮ್ಮ ಸಬ್‌ರಾಕ್ ಅಂತ ಹೆಸರಿಟ್ಟುಕೊಂಡಿದ್ದ. ಅಣ್ಣನ ಹೆಸರು ಆಗ ಝೆವ್ ಲವ್ ಎಕ್ಸ್. 1991ರಲ್ಲಿ ಮೊದಲ ಆಲ್ಬಂ ಬಂತು. ಅವತ್ತಿನ ವಿಡಿಯೋಗಳಲ್ಲಿ ಮುಖವಾಡ ಇಲ್ಲ. ಕನ್ನಡಕ ಹಾಕಿಕೊಂಡ, ನಗುಮುಖದ ಹುಡುಗ ಕಾಣುತ್ತಾನೆ.

1993ರ ಏಪ್ರಿಲ್‌ನಲ್ಲಿ, ಎರಡನೇ ಆಲ್ಬಂ ಕೆಲಸ ನಡೆಯುತ್ತಿದ್ದಾಗಲೇ, ಹೆದ್ದಾರಿ ದಾಟುತ್ತಿದ್ದ ಸಬ್‌ರಾಕ್‌ಗೆ ಕಾರು ಬಡಿಯಿತು. ಆ ಹುಡುಗನಿಗೆ ಬರೀ 19 ವರ್ಷ. ಅಣ್ಣ ಒಬ್ಬನೇ ಕೂತು ಆಲ್ಬಂ ಮುಗಿಸಿದ. ಅದರ ಮುಖಪುಟದ ಚಿತ್ರವನ್ನೂ ತಾನೇ ಬರೆದ. ಕಪ್ಪು ಜನರನ್ನು ಅಣಕಿಸಲು ಬಿಳಿಯರು ಬಳಸುತ್ತಿದ್ದ ಒಂದು ಕಾರ್ಟೂನ್ ಆಕೃತಿ ಇತ್ತಲ್ಲ, ಅದನ್ನು ನೇಣಿಗೆ ಹಾಕುವ ಚಿತ್ರ ಅದು. ಸಾಯಬೇಕಾದದ್ದು ಆ ಅಣಕ ಅನ್ನುವುದು ಚಿತ್ರ ನೋಡಿದರೆ ತಿಳಿಯುತ್ತದೆ. ಆದರೆ ಗಲಾಟೆ ಎದ್ದಿತು, ರೆಕಾರ್ಡ್ ಕಂಪನಿ ಹಿಂದೆ ಸರಿಯಿತು. 1994ರಲ್ಲಿ ಆಲ್ಬಂ ನಿಂತುಹೋಯಿತು, ಒಪ್ಪಂದವೂ ಮುರಿಯಿತು. ತಮ್ಮನೂ ಇಲ್ಲ, ತಮ್ಮನ ಜೊತೆ ಮಾಡಿದ ಕೆಲಸವೂ ಆಗ ಜನಕ್ಕೆ ಮುಟ್ಟಲಿಲ್ಲ.

ಆಮೇಲೆ ಕೆಲವು ವರ್ಷ ಆತ ಎಲ್ಲೂ ಕಾಣಲಿಲ್ಲ. ಮ್ಯಾನ್‌ಹಟನ್ ಬೀದಿಗಳಲ್ಲಿ ಅಲೆಯುತ್ತಾ, ಬೆಂಚುಗಳ ಮೇಲೆ ಮಲಗಿದ ದಿನಗಳ ಬಗ್ಗೆ ಮುಂದೆ ತಾನೇ ಹೇಳಿಕೊಂಡಿದ್ದಾನೆ.

1997ರ ಸುಮಾರಿಗೆ ನ್ಯೂಯಾರ್ಕಿನ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯ ವೇದಿಕೆಯಲ್ಲಿ ಯಾರೋ ಒಬ್ಬ ರ‍್ಯಾಪ್ ಮಾಡಲು ಶುರು ಮಾಡಿದ. ಕವಿಗಳು ಬಂದು ಪದ್ಯ ಓದುವ ಜಾಗ ಅದು. ಬಂದವನು ಹೆಂಗಸರು ಕಾಲಿಗೆ ಹಾಕುವ ತೆಳು ಕಾಲುಚೀಲವನ್ನು ಮುಖಕ್ಕೆ ಎಳೆದುಕೊಂಡಿದ್ದ. ಮುಂದೆ ಕಾಲುಚೀಲ ಹೋಗಿ ಲೋಹದ ಮುಖವಾಡ ಬಂತು. ಮಾರ್ವೆಲ್ ಕಾಮಿಕ್ಸ್‌ನಲ್ಲಿ ಡಾಕ್ಟರ್ ಡೂಮ್ ಅಂತ ಒಬ್ಬ ಖಳನಾಯಕ ಇದ್ದಾನೆ. ಮುಖ ಗಾಯಗೊಂಡು ಲೋಹದ ಮುಖವಾಡ ತೊಟ್ಟವನು. ಈತ ಅವನ ಹೆಸರನ್ನೇ ತೆಗೆದುಕೊಂಡ. ಎಂಎಫ್ ಅಂದರೆ ಮೆಟಲ್ ಫೇಸ್.

ಮುಖವಾಡ ಗಿಮಿಕ್ ಅಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಆಗ ಟಿವಿಯಲ್ಲಿ ರ‍್ಯಾಪರ್‌ನ ಬಟ್ಟೆ, ಮೈಕಟ್ಟು, ಚಿನ್ನವೇ ಮಾತಿಗಿಂತ ಮುಂದೆ ಬರುತ್ತಿತ್ತು. ನಾನು ಹೇಗೆ ಕಾಣುತ್ತೇನೆ ಅನ್ನುವುದು ಬಿಡಿ, ಏನು ಹೇಳುತ್ತಿದ್ದೇನೆ ಕೇಳಿ. ಇದು ಆತನ ನಿಲುವು. ಹಾಗೆ ಹೇಳಬೇಕಾದರೆ ಮಾತಿನಲ್ಲಿ ಸರಕಿರಬೇಕು. ಡೂಮ್ ಹತ್ತಿರ ಅದು ಧಂಡಿಯಾಗಿತ್ತು.

ಆತನ 1999ರ ಆಲ್ಬಂ ‘ಆಪರೇಷನ್: ಡೂಮ್ಸ್‌ಡೇ’ಯ ಒಂದು ಜಾಗ ಹೇಳುತ್ತೇನೆ. ಹಾಡಿನ ಹೆಸರು ಡೂಮ್ಸ್‌ಡೇ. ತಮ್ಮ ಹೋದ ಕಡೆಗೆ ನಾನೂ ಹೋಗುವ ತನಕ ಇದೇ ನನ್ನ ಪಾಡು, ಗೋರಿಯ ಮೇಲೂ ಇದೇ ಬರೆದಿರುತ್ತದೆ, ಕೆಳಗೆ ಸರ್ಕಾರಿ ಕಾಗದದಲ್ಲಿರುವ ಹೆಸರು, ಅಥವಾ ಹೆಸರೇ ಕೆತ್ತಿರುವುದಿಲ್ಲವೋ ಏನೋ, ಯಾರಿಗೆ ಗೊತ್ತು. ಸಾಲುಗಳ ತಾತ್ಪರ್ಯ ಇಷ್ಟು. ಈಗ ಕಿವಿಗೆ ಬೀಳುವ ಸದ್ದು ಕೇಳಿ: ಡೂಮ್ಸ್‌ಡೇ, ಟೂಮ್ ವಿಲ್ ಸೇ, ಡೂಮಿಲೇ, ಹೂಸ್ ಟು ಸೇ. ತನ್ನ ಮನೆತನದ ಹೆಸರನ್ನೇ ಗೋರಿ ಅನ್ನುವ ಪದದ ಜೊತೆ ಪ್ರಾಸಕ್ಕೆ ಕೂರಿಸಿದ್ದಾನೆ. ಮೊದಮೊದಲು ಈ ಸದ್ದಿನ ಆಟಕ್ಕೇ ನಾನು ಮರುಳಾಗಿದ್ದೆ. ತಮ್ಮನ ಕತೆ ತಿಳಿದ ಮೇಲೆ ಅದೇ ಸಾಲುಗಳು ಕರುಳು ಹಿಂಡಿದವು. ದನಿಯಲ್ಲಿ ಅಳು ಇಲ್ಲ, ಒಂಚೂರೂ ನಡುಕ ಇಲ್ಲ. ಸುಮ್ನೆ ಮಾತಾಡಿದಂತೆ ಹೇಳಿ ಮುಂದಿನ ಸಾಲಿಗೆ ಹೋಗಿಬಿಡುತ್ತಾನೆ.

ಪ್ರಾಸ ನಮಗೆ ಹೊಸದಲ್ಲ. ಹಳೆಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟರು. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಬರುತ್ತದೆ. ಡೂಮ್ ಸಾಲಿನ ಶುರು, ನಡು, ಕೊನೆ ಅಂತ ನೋಡುವುದಿಲ್ಲ, ಎರಡು ಮೂರು ಪದಗಳ ಗುಂಪನ್ನೇ ಇನ್ನೊಂದು ಗುಂಪಿಗೆ ಹೊಂದಿಸುತ್ತಾನೆ. ನೀವು ಒಂದು ಪ್ರಾಸ ನಿರೀಕ್ಷಿಸುತ್ತಿರುತ್ತೀರಿ, ಆತ ಬೇಕಂತಲೇ ಬೇರೆ ಪದ ಹಾಕಿ ನಿಮ್ಮನ್ನು ಎಡವಿಸುತ್ತಾನೆ. ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಿರುವ ಹುಡುಗ ಹುಡುಗಿಯರು ಇಲ್ಲಿದ್ದರೆ ಅವರಿಗೆ ನನ್ನ ಕೋರಿಕೆ: ದಯವಿಟ್ಟು ಈತನ ಸಾಲುಗಳನ್ನು ಬಿಡಿಸಿ ನೋಡಿ. ಹಾಗೇ ನಮ್ಮ ಛಂದಸ್ಸನ್ನೂ.

2004ರಲ್ಲಿ ಬಂತು ಮ್ಯಾಡ್‌ವಿಲನಿ. ಮ್ಯಾಡ್‌ಲಿಬ್ ಅನ್ನುವ ಸಂಗೀತ ನಿರ್ಮಾಪಕನ ಜೊತೆ ಸೇರಿ ಮಾಡಿದ ಆಲ್ಬಂ. ಮ್ಯಾಡ್‌ಲಿಬ್ ಇದರ ಎಷ್ಟೋ ಬೀಟ್‌ಗಳನ್ನು ಬ್ರೆಜಿಲ್‌ನ ಸಾವೊ ಪಾಲೊದ ಹೋಟೆಲ್ ರೂಮಿನಲ್ಲಿ ಕೂತು ಮಾಡಿದ. ಕೈಯಲ್ಲಿದ್ದದ್ದು ಒಂದು ಪುಟ್ಟ ರೆಕಾರ್ಡ್ ಪ್ಲೇಯರ್, ಹಳೆ ಹಾಡುಗಳ ತುಣುಕು ಕತ್ತರಿಸಿ ಜೋಡಿಸುವ ಒಂದು ಸ್ಯಾಂಪ್ಲರ್, ಒಂದು ಟೇಪ್ ಡೆಕ್. (ಇದೇ ಮ್ಯಾಡ್‌ಲಿಬ್ ಆಮೇಲೆ ಭಾರತದ ಸಿನಿಮಾ ಸಂಗೀತದ ತುಣುಕುಗಳಿಂದ ಒಂದು ಇಡೀ ಆಲ್ಬಂ ಮಾಡಿದ, ಅದನ್ನೂ ಕೇಳಿ.) ಬಿಡುಗಡೆಗೆ ಒಂದು ವರ್ಷಕ್ಕೂ ಮೊದಲೇ ಅರೆಬರೆ ಹಾಡುಗಳು ಇಂಟರ್‌ನೆಟ್‌ಗೆ ಸೋರಿಹೋದವು. ಬೇರೆಯವರಾಗಿದ್ದರೆ ಬೇಸತ್ತು ಕೈಬಿಡುತ್ತಿದ್ದರೋ ಏನೋ. ಡೂಮ್ ಮತ್ತೆ ಕೂತು ತನ್ನ ಭಾಗ ಹಾಡಿದ. ಈ ಸಲ ದನಿ ಇಳಿಸಿ, ನಿಧಾನವಾಗಿ. ಇವತ್ತು ನಾವು ಕೇಳುವ ಆ ಸೋಮಾರಿ ಗತ್ತಿನ ದನಿ ಹಾಗೆ ಹುಟ್ಟಿದ್ದು. ಇಡೀ ಆಲ್ಬಂ ಒಂದು ಗಂಟೆಯೂ ಇಲ್ಲ. 22 ತುಣುಕುಗಳು, ಪಲ್ಲವಿ ಅನ್ನುವುದು ಹುಡುಕಿದರೂ ಸಿಗುವುದು ಕಷ್ಟ.

ಅಭಿಮಾನಿಯಾಗಿ ಒಂದು ಮಾತು ನೇರವಾಗಿ ಹೇಳಬೇಕು. ಕೆಲವು ಕಾರ್ಯಕ್ರಮಗಳಿಗೆ ಡೂಮ್ ತಾನು ಹೋಗದೆ ಬೇರೆಯವರಿಗೆ ಮುಖವಾಡ ಹಾಕಿ ಕಳಿಸಿದ. ಇದು ಆತನ ಖಳನಾಯಕ ಪಾತ್ರದ ಭಾಗ ಅಂತ ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು, ದೂರದಿಂದ ಬಂದು ನಿಂತವರಿಗೆ ಅದು ಮೋಸವೇ. ಹಾಡಿನಲ್ಲಿ ಒಂದು ಪದವನ್ನೂ ಸುಮ್ನೆ ಬಿಡದವನು ಕೇಳುಗರನ್ನು ಹಾಗೆ ನಡೆಸಿಕೊಂಡದ್ದು ನನಗೆ ಇವತ್ತಿಗೂ ನೋವಿನ ವಿಷಯ.

2010ರಲ್ಲಿ ಯುರೋಪ್ ಪ್ರವಾಸ ಮುಗಿಸಿ ಹೊರಟಾಗ ಅಮೆರಿಕ ಆತನನ್ನು ಒಳಗೆ ಬಿಡಲಿಲ್ಲ. ಬಾಲ್ಯದಿಂದ ಬೆಳೆದ ದೇಶ, ಆದರೆ ಪೌರತ್ವ ಇರಲಿಲ್ಲ. ಹೆಂಡತಿ ಮಕ್ಕಳು ಅಲ್ಲಿ, ಈತ ಇಂಗ್ಲೆಂಡಿನಲ್ಲಿ. ಕುಟುಂಬ ಒಂದಾಗಲು ಸುಮಾರು ಎರಡು ವರ್ಷ ಹಿಡಿಯಿತು. 2017ರಲ್ಲಿ 14 ವರ್ಷದ ಮಗನನ್ನೂ ಕಳೆದುಕೊಂಡ. 2020ರ ಅಕ್ಟೋಬರ್ 31ರಂದು ಲೀಡ್ಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 49. ಹೆಂಡತಿ ಅದನ್ನು ಲೋಕಕ್ಕೆ ತಿಳಿಸಿದ್ದು ಡಿಸೆಂಬರ್ 31ಕ್ಕೆ. ಎರಡು ತಿಂಗಳು ನಾವೆಲ್ಲ ಬದುಕಿರುವವನ ಹಾಡು ಅಂದುಕೊಂಡೇ ಕೇಳುತ್ತಿದ್ದೆವು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತೀರಿ, ಗೊತ್ತು. ಮ್ಯಾಡ್‌ವಿಲನಿಯಿಂದ ಶುರು ಮಾಡಿ. ಅದರಲ್ಲಿ ಅಕಾರ್ಡಿಯನ್ ಅನ್ನುವ ಹಾಡಿದೆ, ಎರಡು ನಿಮಿಷದ್ದು. ಮೊದಲ ಸಲ ಸಾಹಿತ್ಯ ನೋಡದೆ ಕೇಳಿ, ಆಮೇಲೆ ಕೈಯಲ್ಲಿ ಹಿಡಿದುಕೊಂಡು ಕೇಳಿ. ಆಮೇಲೆ 1999ರ ಆಲ್ಬಂಗೆ ಬನ್ನಿ. ಡೂಮ್ಸ್‌ಡೇ ಹಾಡಿನ ಪ್ರಾಸಗಳಿಗೆ ಗುರುತು ಹಾಕಿದ ಹಾಳೆಗಳನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ, ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ. ಈಗ ಆ ಹಾಡನ್ನು ಹಾಕುತ್ತೇನೆ. ಪ್ರಶ್ನೆಗಳು ಆಮೇಲೆ.